ಘಾಟಿ ಇಳಿಯುವ ಮುನ್ನ: ಪ್ರವಾಸಕ್ಕೆ ಟ್ಯಾಬ್ಲೆಟ್ಟೋ, ಹಗುರ ಲ್ಯಾಪ್‌ಟಾಪೋ?

ಕೊಡಗಿನಲ್ಲಿ ರೈಲು ಹಳಿಯಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಇಲ್ಲಿಂದ ಎಲ್ಲಿಗೆ ಹೊರಟರೂ ಪ್ರಯಾಣದ ಮೊದಲ ಕೆಲವು ಗಂಟೆಗಳು ರಸ್ತೆಯ ಮೇಲೆಯೇ ಕಳೆಯುತ್ತವೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೆಚ್ಚುಕಡಿಮೆ 140 ಕಿ.ಮೀ. ಇದೆ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಆರಂಭವಾದ ಮೇಲೆ ವಿರಾಜಪೇಟೆಯ ಕಡೆಯವರು ಮಾಕುಟ್ಟದ ತಿರುವುಗಳನ್ನು ದಾಟಿ ಮಟ್ಟನ್ನೂರು ಸೇರುವುದು ವಾಡಿಕೆಯಾಗಿದೆ. ಅದೇ ರಸ್ತೆಗಳಲ್ಲಿ ಎದುರು ದಿಕ್ಕಿನಿಂದ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಕೈಲ್‌ಪೊಳ್ದಿಗೋ ಹುತ್ತರಿಗೋ ಹಬ್ಬಕ್ಕೆಂದು ಊರಿಗೆ ಬರುತ್ತಾರೆ, ಬರುವಾಗ ಕಚೇರಿಯ ಕೆಲಸವನ್ನೂ ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ.

ಟ್ಯಾಬ್ಲೆಟ್ ಮತ್ತು ಹಗುರ ಲ್ಯಾಪ್‌ಟಾಪ್‌ಗಳನ್ನು ಹೋಲಿಸುವ ಬರಹಗಳು ಸಾಮಾನ್ಯವಾಗಿ ಕೆಫೆಯ ಮೇಜನ್ನೂ ವಿಮಾನದ ಆಸನವನ್ನೂ ಕಣ್ಣ ಮುಂದಿಟ್ಟುಕೊಂಡು ಬರೆದವು. ನಮ್ಮ ಮಳೆ, ನಮ್ಮ ಕರೆಂಟು, ನಮ್ಮ ನೆಟ್‌ವರ್ಕ್ ಆ ಲೆಕ್ಕದೊಳಗೆ ಬರುವುದಿಲ್ಲ. ಈ ಮೂರನ್ನೂ ಸೇರಿಸಿಕೊಂಡು ಹಂತಹಂತವಾಗಿ ನಿರ್ಧಾರಕ್ಕೆ ಬರುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಅಂಗಡಿಗೆ ಹೋಗುವುದು ಈ ಕ್ರಮದಲ್ಲಿ ಕಟ್ಟಕಡೆಯ ಹಂತ.

ಮೊದಲ ಹಂತ: ಕಾಯಲಾರದ ಕೆಲಸವನ್ನು ಗುರುತಿಸುವುದು

ಕಳೆದ ವರ್ಷ ನೀವು ಮನೆಯಿಂದ ಎರಡು ದಿನಕ್ಕಿಂತ ಹೆಚ್ಚು ಹೊರಗಿದ್ದ ಪ್ರವಾಸಗಳನ್ನು ನೆನಪಿಸಿಕೊಳ್ಳಿ. ಆ ದಿನಗಳಲ್ಲಿ ಕಂಪ್ಯೂಟರಿನ ಮುಂದೆಯೋ ಫೋನಿನ ಮುಂದೆಯೋ ಮಾಡಿದ ಪ್ರತಿಯೊಂದು ಕೆಲಸವನ್ನೂ ಕಾಗದದ ಮೇಲೆ ಬರೆಯಿರಿ. ಮಿಂಚಂಚೆಗೆ ಉತ್ತರ, ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್ ಓದು, ತೋಟದ ರೈಟರ್ (ಗುಮಾಸ್ತ) ಕಳಿಸಿದ ಹಾಜರಿ ಪಟ್ಟಿಯ ತಾಳೆ, ಬ್ಯಾಂಕಿನ ವ್ಯವಹಾರ, ವಿಡಿಯೊ ಸಭೆ, ಮಕ್ಕಳಿಗೆ ಚಲನಚಿತ್ರ, ಹೀಗೆ ಎಲ್ಲವೂ ಪಟ್ಟಿಯಲ್ಲಿರಲಿ. ಬಳಿಕ ಒಂದೊಂದು ಸಾಲಿನ ಎದುರೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕೆಲಸ ನಾನು ಮನೆಗೆ ಮರಳುವವರೆಗೆ ಕಾಯುತ್ತಿತ್ತೇ?

ಕಾಯಬಹುದಾಗಿದ್ದ ಸಾಲುಗಳನ್ನು ಹೊಡೆದುಹಾಕಿದ ಮೇಲೆ ಬಹಳ ಜನರ ಪಟ್ಟಿಯಲ್ಲಿ ಮೂರೋ ನಾಲ್ಕೋ ಸಾಲು ಉಳಿಯುತ್ತವೆ. ನಿರ್ಧಾರವಾಗಬೇಕಾದದ್ದು ಆ ಸಾಲುಗಳ ಮೇಲೆ. ಹತ್ತು ಕೆಲಸಗಳಲ್ಲಿ ಒಂಬತ್ತನ್ನು ಸೊಗಸಾಗಿ ಮಾಡಿ, ಕಾಯಲಾರದ ಹತ್ತನೆಯದನ್ನು ಮಾಡಲಾರದ ಸಾಧನವನ್ನು ಹೊತ್ತುಕೊಂಡು ಘಾಟಿ ಇಳಿದು ಪ್ರಯೋಜನವಿಲ್ಲ.

ಕೆಲವು ಕೆಲಸಗಳು ಪಟ್ಟಿಯಲ್ಲಿ ಕಂಡೊಡನೆ ನಿರ್ಧಾರ ಮುಗಿದಂತೆಯೇ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ವಿಂಡೋಸ್ ಲ್ಯಾಪ್‌ಟಾಪ್ ಬೇಕು. ಟೆಂಡರ್, ಕಂಪನಿ ವ್ಯವಹಾರ ಮೊದಲಾದವುಗಳಿಗೆ ಯುಎಸ್‌ಬಿ ಟೋಕನ್‌ನಲ್ಲಿರುವ ಡಿಜಿಟಲ್ ಸಹಿ ಬಳಸುವವರಿಗೂ ಅದೇ ಮಾತು, ಏಕೆಂದರೆ ಆ ಟೋಕನ್ ಕೆಲಸ ಮಾಡಲು ಕಂಪ್ಯೂಟರಿನಲ್ಲಿ ಅದರ ಚಾಲಕ ತಂತ್ರಾಂಶವನ್ನು ಸ್ಥಾಪಿಸಿರಬೇಕಾಗುತ್ತದೆ, ಟ್ಯಾಬ್ಲೆಟ್‌ಗಳಲ್ಲಿ ಇದು ಸಾಧ್ಯವಾಗುವುದಿಲ್ಲ. ಮ್ಯಾಕ್ರೊಗಳಿರುವ, ಅಂದರೆ ಕೆಲಸವನ್ನು ತಾನಾಗಿಯೇ ಮಾಡುವ ಆದೇಶಗಳನ್ನು ಬರೆದಿಟ್ಟಿರುವ, ಎಕ್ಸೆಲ್ ಹಾಳೆಗಳೂ ಇದೇ ಗುಂಪಿಗೆ ಸೇರುತ್ತವೆ. ಟ್ಯಾಬ್ಲೆಟ್‌ನ ಎಕ್ಸೆಲ್‌ನಲ್ಲಿ ಹಾಳೆ ತೆರೆಯುತ್ತದೆ, ಮ್ಯಾಕ್ರೊ ಓಡುವುದಿಲ್ಲ. ಇಂಥ ಒಂದು ಸಾಲಾದರೂ ನಿಮ್ಮ ಪಟ್ಟಿಯಲ್ಲಿ ಉಳಿದಿದ್ದರೆ ಲ್ಯಾಪ್‌ಟಾಪ್ ಕೊಳ್ಳಿ. ಮುಂದಿನ ಹಂತಗಳನ್ನು ಯಾವ ಲ್ಯಾಪ್‌ಟಾಪ್ ಎಂದು ಆರಿಸುವುದಕ್ಕಷ್ಟೇ ಓದಿದರೆ ಸಾಕು.

ಎರಡನೆಯ ಹಂತ: ಕನ್ನಡ ಕಡತಗಳ ಪರೀಕ್ಷೆ

ಈ ವಿಷಯ ಹೋಲಿಕೆಯ ಬರಹಗಳಲ್ಲಿ ಎಲ್ಲಿಯೂ ಸಿಗುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇದರಲ್ಲಿ ನಾನೇ ಪೆಟ್ಟು ತಿಂದವನು ಎಂಬುದೂ ಅದಕ್ಕೆ ಕಾರಣ.

ಕೆಲವು ವರ್ಷಗಳ ಹಿಂದೆ ಒಂದು ಸಹಕಾರ ಸಂಘದ ಸಭೆಗೆಂದು ಟ್ಯಾಬ್ಲೆಟ್ ಒಂದನ್ನೇ ಹಿಡಿದು ಬೆಂಗಳೂರಿಗೆ ಹೊರಟಿದ್ದೆ. ಬಸ್ಸು ಪಿರಿಯಾಪಟ್ಟಣ ದಾಟುವ ಹೊತ್ತಿಗೆ ಮನವಿಯ ಕರಡು ಮಿಂಚಂಚೆಯಲ್ಲಿ ಬಂತು. ಎರಡು ಸಾಲು ತಿದ್ದಿ ಮರಳಿ ಕಳಿಸಬೇಕಿತ್ತು. ತೆರೆದು ನೋಡಿದರೆ ಕನ್ನಡವಿರಬೇಕಾದ ಜಾಗದಲ್ಲಿ ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು. ಕಡತ ಕೆಟ್ಟಿರಲಿಲ್ಲ, ಟ್ಯಾಬ್ಲೆಟ್ಟೂ ಕೆಟ್ಟಿರಲಿಲ್ಲ. ಅದು ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಟೈಪಿಸಿದ ಕಡತವಾಗಿತ್ತು, ಅಷ್ಟೇ. ಮೈಸೂರಿನಲ್ಲಿ ಬಸ್ಸಿಳಿದು, ನಿಲ್ದಾಣದ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಬೇಡಿ ಕೆಲಸ ಮುಗಿಸಿದೆ. ಟ್ಯಾಬ್ಲೆಟ್‌ಗೆ ಕೊಟ್ಟ ಹಣದ ಬಗ್ಗೆ ಆ ಮಧ್ಯಾಹ್ನ ನನಗಿದ್ದ ಅಭಿಪ್ರಾಯವನ್ನು ಇಲ್ಲಿ ಬರೆಯುವಂತಿಲ್ಲ.

ಕಾರಣ ಇಷ್ಟು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದಲ್ಲೂ ‘ಬರಹ’ ಎಂಬ ಇನ್ನೊಂದು ತಂತ್ರಾಂಶದಲ್ಲೂ ಮೊದಲಿನ ವರ್ಷಗಳಲ್ಲಿ ಕನ್ನಡ ಅಕ್ಷರಗಳ ಚಿತ್ರಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗುತ್ತಿತ್ತು. ಆ ಫಾಂಟ್ ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಯಂತ್ರದಲ್ಲಿ ಒಳಗಿನ ರೋಮನ್ ಸಂಕೇತಗಳೇ ಹೊರಬರುತ್ತವೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತವಿರುವುದರಿಂದ ಈ ತೊಂದರೆ ಬರುವುದಿಲ್ಲ. ನುಡಿಯ ಹೊಸ ಆವೃತ್ತಿಗಳೂ ಯೂನಿಕೋಡ್‌ನಲ್ಲಿ ಬರೆಯಲು ಬಿಡುತ್ತವೆ. ಆದರೂ ಕಚೇರಿಗಳಲ್ಲಿ, ಸಂಘಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಹಳೆಯ ಬಗೆಯ ಕಡತಗಳು ಇಂದಿಗೂ ಓಡಾಡುತ್ತಿವೆ.

ನಿಮಗೆ ಬರುವ ಕನ್ನಡ ಕಡತಗಳಲ್ಲಿ ನಾಲ್ಕೈದನ್ನು ಈಗಲೇ ನಿಮ್ಮ ಫೋನಿನಲ್ಲಿ ತೆರೆದು ನೋಡಿ. ಫೋನಿನಲ್ಲಿ ಕನ್ನಡವಾಗಿ ಕಂಡದ್ದು ಟ್ಯಾಬ್ಲೆಟ್‌ನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ರೋಮನ್ ಕಲಸುಮೇಲೋಗರ ಕಂಡರೆ, ಮತ್ತು ಅಂಥ ಕಡತಗಳನ್ನು ಓದುವುದಷ್ಟೇ ಅಲ್ಲದೆ ತಿದ್ದುವ ಹೊಣೆಯೂ ನಿಮ್ಮದಾಗಿದ್ದರೆ, ನುಡಿ ಸ್ಥಾಪಿಸಿದ ವಿಂಡೋಸ್ ಲ್ಯಾಪ್‌ಟಾಪ್ ಅನಿವಾರ್ಯ. ಬರೀ ಓದಬೇಕಾದವರು ಕಳಿಸುವವರನ್ನು ಪಿಡಿಎಫ್ ಮಾಡಿ ಕಳಿಸಿ ಎಂದು ಕೇಳಿಕೊಂಡರೆ ಸಾಕು, ಪಿಡಿಎಫ್‌ನೊಳಗೆ ಫಾಂಟ್ ಅಡಕವಾಗಿರುವುದರಿಂದ ಅದು ಎಲ್ಲೆಡೆಯೂ ಸರಿಯಾಗಿ ಕಾಣುತ್ತದೆ.

ಟೈಪಿಸುವ ಅಭ್ಯಾಸವೂ ಮುಖ್ಯ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲೋ ಇನ್‌ಸ್ಕ್ರಿಪ್ಟ್‌ನಲ್ಲೋ ಕೈ ಕುದುರಿದವರು ಗಾಜಿನ ಮೇಲಿನ ಕೀಲಿಗಳಲ್ಲಿ ಒಂದು ಪುಟ ಬರೆಯುವಷ್ಟರಲ್ಲಿ ಬೇಸರಗೊಳ್ಳುತ್ತಾರೆ. ಹೊರಗಿನ ಕೀಲಿಮಣೆ ಜೋಡಿಸಿದರಾಯಿತಲ್ಲ ಎನ್ನಬಹುದು. ಆದರೆ ಆ ಕೀಲಿಮಣೆಯಲ್ಲಿ ನಿಮಗೆ ಒಗ್ಗಿದ ಕನ್ನಡ ವಿನ್ಯಾಸ ಸಿಗುತ್ತದೆಯೇ ಎಂಬುದು ಟ್ಯಾಬ್ಲೆಟ್‌ನಿಂದ ಟ್ಯಾಬ್ಲೆಟ್‌ಗೆ ಬೇರೆ. ಇನ್ನೊಂದೆಡೆ, ಕೀಲಿಮಣೆಯನ್ನೇ ಕಲಿಯದವರಿಗೆ ಟ್ಯಾಬ್ಲೆಟ್ ನಿಜಕ್ಕೂ ವರವಾಗಬಹುದು. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಗೂಗಲ್‌ನ ಕೀಲಿಮಣೆ ಆ್ಯಪ್ ಆದ ಜಿಬೋರ್ಡ್‌ನಲ್ಲಿ ಬೆರಳಿನಿಂದ ಕನ್ನಡ ಅಕ್ಷರ ಗೀಚಿದರೆ ಅದು ಅಚ್ಚಕ್ಷರವಾಗುತ್ತದೆ. ನೆಟ್‌ವರ್ಕ್ ಇದ್ದಲ್ಲಿ ಮಾತಾಡಿದ್ದೂ ಬರಹವಾಗುತ್ತದೆ. ಬರೆಯಬೇಕಾದದ್ದು ಹತ್ತು ಸಾಲಿನ ಉತ್ತರವಾದರೆ ಇವು ಧಾರಾಳವಾಗಿ ಸಾಲುತ್ತವೆ.

ಮೂರನೆಯ ಹಂತ: ತೂಕವನ್ನೂ ಬೆಲೆಯನ್ನೂ ಒಟ್ಟಾಗಿ ಹಾಕುವುದು

ಟ್ಯಾಬ್ಲೆಟ್ ಹಗುರ ಎಂಬುದರಲ್ಲಿ ಸಂಶಯವಿಲ್ಲ. ಆ್ಯಪಲ್‌ನ ಸಾಮಾನ್ಯ ಐಪ್ಯಾಡ್ 480 ಗ್ರಾಂ ಒಳಗಿದೆ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್9 ಸುಮಾರು 500 ಗ್ರಾಂ ತೂಗುತ್ತದೆ. 13 ಇಂಚಿನ ಮ್ಯಾಕ್‌ಬುಕ್ ಏರ್ 1.24 ಕೆ.ಜಿ. ಇದೆ. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಎಲ್‌ಜಿ ಗ್ರ್ಯಾಮ್ 14ರಂಥ ಕೆಲವು ಒಂದು ಕಿಲೋದ ಒಳಗೇ ಮುಗಿಯುತ್ತವೆ. ಆದರೆ ಟ್ಯಾಬ್ಲೆಟ್ ಒಂದನ್ನೇ ಒಯ್ಯುವವರು ಕಡಿಮೆ. ಕೀಲಿಮಣೆಯಿರುವ ಕವಚ 300ರಿಂದ 650 ಗ್ರಾಂವರೆಗೆ ತೂಗುತ್ತದೆ, ಮೇಲೆ ಪೆನ್ನು, ಬೇರೆ ಕೇಬಲ್ಲು. ಎಲ್ಲ ಸೇರಿ ತಕ್ಕಡಿಗಿಟ್ಟರೆ ಮುಳ್ಳು ಒಂದು ಕಿಲೋ ಮುಟ್ಟುತ್ತದೆ, ಅಂದರೆ ನೀವು ಹಗುರ ಲ್ಯಾಪ್‌ಟಾಪ್‌ನಷ್ಟೇ ಭಾರವನ್ನು ಹೊತ್ತು, ಅದಕ್ಕಿಂತ ಕಡಿಮೆ ಕೆಲಸ ಮಾಡುವ ಸಾಧನವನ್ನು ಪಡೆದಿರುತ್ತೀರಿ.

ಬೆಲೆಯ ಲೆಕ್ಕವೂ ಹೀಗೆಯೇ. 2025ರ ಮಾರ್ಚ್‌ನಲ್ಲಿ ಎ16 ಚಿಪ್‌ನ ಐಪ್ಯಾಡ್ ಭಾರತದಲ್ಲಿ 34,900 ರೂಪಾಯಿಗೆ ಬಿಡುಗಡೆಯಾಯಿತು. ಅದಕ್ಕೆ ಹೊಂದುವ ಆ್ಯಪಲ್‌ನದೇ ಕೀಲಿಮಣೆ ಕವಚಕ್ಕೆ 24,900 ರೂಪಾಯಿ, ಯುಎಸ್‌ಬಿ-ಸಿ ಪೆನ್ಸಿಲ್‌ಗೆ 7,900 ರೂಪಾಯಿ ಕಂಪನಿಯೇ ಆಗ ಹೇಳಿದ ಬೆಲೆ. ಮೂರೂ ಕೂಡಿ 67,700 ರೂಪಾಯಿ. ಆಗ ಈ ಮೊತ್ತಕ್ಕೆ ಮೇಲುದರ್ಜೆಯದಲ್ಲದಿದ್ದರೂ ಗೌರವಯುತವಾದ ಹಗುರ ವಿಂಡೋಸ್ ಲ್ಯಾಪ್‌ಟಾಪ್ ಬರುತ್ತಿತ್ತು. ಅದೇ ತಿಂಗಳು ಬಂದ ಎಂ4 ಮ್ಯಾಕ್‌ಬುಕ್ ಏರ್‌ನ ಆರಂಭದ ಬೆಲೆ 99,900 ರೂಪಾಯಿ ಇತ್ತು. ಬೇರೆ ತಯಾರಕರ ಕೀಲಿಮಣೆ ಕೊಂಡರೆ ಖರ್ಚು ತಗ್ಗುತ್ತದೆ ಎಂಬುದೂ ನಿಜ.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಲ್ಯಾಪ್‌ಟಾಪ್‌ನ ಕೆಲಸ ಮಾಡಿಸಲೆಂದು ಟ್ಯಾಬ್ಲೆಟ್‌ಗೆ ದುಬಾರಿ ಕೀಲಿಮಣೆ ತೊಡಿಸುವುದು ಪ್ರವಾಸಿಗೆ ಲಾಭದ ಮಾತಲ್ಲ. ಟ್ಯಾಬ್ಲೆಟ್ ಕೊಳ್ಳುವುದಾದರೆ ಬರಿಗೈಯಲ್ಲಿ ಹಿಡಿದು ಓದಲು, ಪೆನ್ನಿನಿಂದ ಗುರುತು ಹಾಕಲು, ನೋಡಲು, ಕೇಳಲು ಕೊಳ್ಳಿ. ಆ ಕೆಲಸಗಳಲ್ಲಿ ಲ್ಯಾಪ್‌ಟಾಪ್ ಅದರ ಹತ್ತಿರಕ್ಕೂ ಬರಲಾರದು. ಮೈಕ್ರೋಸಾಫ್ಟ್‌ನ ವರ್ಡ್, ಎಕ್ಸೆಲ್‌ಗಳು 10.1 ಇಂಚು ಅಥವಾ ಅದಕ್ಕಿಂತ ಚಿಕ್ಕ ಪರದೆಯಲ್ಲಿ ಉಚಿತವಾಗಿ ತಿದ್ದಲು ಬಿಡುತ್ತವೆ, ಅದಕ್ಕಿಂತ ದೊಡ್ಡ ಪರದೆಯಾದರೆ ಚಂದಾ ಕಟ್ಟಬೇಕು ಎಂಬ ಸಣ್ಣ ನಿಯಮವನ್ನೂ ನೆನಪಿಡಿ. 11 ಇಂಚಿನ ಟ್ಯಾಬ್ಲೆಟ್ ತಂದು ಮನೆಯಲ್ಲಿ ಇದನ್ನು ಕಂಡುಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ.

ನಾಲ್ಕನೆಯ ಹಂತ: ಕರೆಂಟಿನ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಗೆ ಮರ ಬಿದ್ದು ತಂತಿ ಹರಿಯುವುದು, ಕರೆಂಟು ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದಿರುವುದು ಇಲ್ಲಿನವರಿಗೆ ಹೊಸತಲ್ಲ. ಊರಿಗೆ ಬಂದು ಕಚೇರಿ ಕೆಲಸ ಮಾಡುವವರಿಗೂ ತೋಟದ ನಡುವಿನ ಹೋಮ್‌ಸ್ಟೇಗಳಲ್ಲಿ ತಂಗುವವರಿಗೂ ಇದೇ ದೊಡ್ಡ ಪ್ರಶ್ನೆ. ಆದ್ದರಿಂದ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದು ಕೇಳುವುದರ ಜೊತೆಗೆ, ಸಿಕ್ಕ ಅಲ್ಪ ಕರೆಂಟಿನಲ್ಲಿ ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂದೂ ಕೇಳಬೇಕು.

ಬ್ಯಾಟರಿಯ ಗಾತ್ರವನ್ನು ವ್ಯಾಟ್-ಅವರ್‌ನಲ್ಲಿ ಅಳೆಯುವುದು ಒಳ್ಳೆಯದು. ಸಾಮಾನ್ಯ ಐಪ್ಯಾಡ್‌ನಲ್ಲಿ ಸುಮಾರು 29 ವ್ಯಾಟ್-ಅವರ್ ಇದೆ, 13 ಇಂಚಿನ ಮ್ಯಾಕ್‌ಬುಕ್ ಏರ್‌ನಲ್ಲಿ 53ರ ಆಸುಪಾಸು. ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವ 20,000 ಎಂಎಎಚ್ ಪವರ್ ಬ್ಯಾಂಕ್‌ನ ಸಾಮರ್ಥ್ಯ ತಿಳಿಯಲು 20 ಆಂಪಿಯರ್-ಅವರ್ ಅನ್ನು 3.7 ವೋಲ್ಟ್‌ನಿಂದ ಗುಣಿಸಿ; 74 ವ್ಯಾಟ್-ಅವರ್ ಬರುತ್ತದೆ. ಪರಿವರ್ತನೆಯಲ್ಲಿ, ಬಿಸಿಯಲ್ಲಿ ಮೂರನೆಯ ಒಂದು ಭಾಗ ಸೋರಿಹೋಗುತ್ತದೆ ಎಂದಿಟ್ಟುಕೊಂಡರೆ ಕೈಗೆ ದಕ್ಕುವುದು 50ರಷ್ಟು. ಅಂದರೆ ಟ್ಯಾಬ್ಲೆಟ್ ಅನ್ನು ಒಂದೂವರೆ ಬಾರಿಗಿಂತ ಹೆಚ್ಚು ತುಂಬಬಹುದು, ಮ್ಯಾಕ್‌ಬುಕ್ ಏರ್ ಅನ್ನು ಒಮ್ಮೆ ತುಂಬಲು ಸ್ವಲ್ಪ ಸಾಲದು.

ಆದರೆ ಇಷ್ಟಕ್ಕೇ ಟ್ಯಾಬ್ಲೆಟ್ ಗೆದ್ದಿತೆಂದು ತೀರ್ಮಾನಿಸಬಾರದು. ಐಪ್ಯಾಡ್ ಜಾಲತಾಣ ಓದಲು 10 ಗಂಟೆ, ಮ್ಯಾಕ್‌ಬುಕ್ ಏರ್ 15 ಗಂಟೆ ಬಾಳುತ್ತದೆ ಎಂದು ತಯಾರಕರೇ ಹೇಳುತ್ತಾರೆ. ಭಾಗಿಸಿ ನೋಡಿದರೆ ಎರಡಕ್ಕೂ ಗಂಟೆಗೆ ಮೂರರಿಂದ ಮೂರೂವರೆ ವ್ಯಾಟ್-ಅವರ್ ಸಾಕು. ಅದೇ ಕೆಲಸಕ್ಕೆ ಸಾಧಾರಣ ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಎಂಟರಿಂದ ಹನ್ನೆರಡು ನುಂಗುವುದುಂಟು. ಹಸಿವು ಇರುವುದು ಚಿಪ್‌ನಲ್ಲಿ, ಆಕಾರದಲ್ಲಿ ಅಲ್ಲ. 2024ರಲ್ಲಿ ಬಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಹೀಗೆ ಮಿತಾಹಾರಿಗಳೇ. ಆದರೆ ಅವುಗಳಲ್ಲಿ ಹಳೆಯ ಪ್ರಿಂಟರ್, ಡಿಜಿಟಲ್ ಸಹಿ ಟೋಕನ್ ಮೊದಲಾದವುಗಳ ಚಾಲಕ ತಂತ್ರಾಂಶ ಆ ಚಿಪ್‌ಗೆಂದೇ ಸಿದ್ಧವಾಗಿರದಿದ್ದರೆ ಕೆಲಸ ಮಾಡುವುದಿಲ್ಲ. ಮೊದಲ ಹಂತದಲ್ಲಿ ಟೋಕನ್ ಕಾರಣಕ್ಕೆ ಲ್ಯಾಪ್‌ಟಾಪ್ ಆರಿಸಿಕೊಂಡವರು ಇಂಟೆಲ್ ಅಥವಾ ಎಎಂಡಿ ಚಿಪ್‌ನದನ್ನೇ ನೋಡುವುದು ಕ್ಷೇಮ.

ತುಂಬಿಕೊಳ್ಳುವ ವೇಗಕ್ಕೆ ಬರೋಣ. ಎರಡು ಗಂಟೆ ಮಾತ್ರ ಕರೆಂಟು ಬಂದು ಹೋಗುವ ದಿನ, 65 ವ್ಯಾಟ್ ಚಾರ್ಜರಿನ ಲ್ಯಾಪ್‌ಟಾಪ್ ಆ ಅವಧಿಯಲ್ಲಿ ಹೊಟ್ಟೆ ತುಂಬಿಸಿಕೊಂಡಿರುತ್ತದೆ. 10 ವ್ಯಾಟ್‌ನ ಹಳೆಯ ಚಾರ್ಜರಿಗೆ ಸಿಕ್ಕಿಸಿದ ಟ್ಯಾಬ್ಲೆಟ್ ಅರ್ಧಕ್ಕೇ ನಿಂತಿರುತ್ತದೆ. ಪವರ್ ಬ್ಯಾಂಕ್‌ನದೂ ಇದೇ ಕಥೆ: 18 ವ್ಯಾಟ್‌ನಲ್ಲಿ ತುಂಬುವ 20,000 ಎಂಎಎಚ್ ಬ್ಯಾಂಕ್‌ಗೆ ನಾಲ್ಕೈದು ಗಂಟೆ ಬೇಕು. ಹಾಗಾಗಿ ತಾನು ತುಂಬಿಕೊಳ್ಳುವಾಗಲೂ ಬೇರೆಯದನ್ನು ತುಂಬುವಾಗಲೂ 45 ವ್ಯಾಟ್ ಅಥವಾ ಹೆಚ್ಚಿನ ಪವರ್ ಡೆಲಿವರಿ (ವೇಗದ ಚಾರ್ಜಿಂಗ್) ಇರುವ ಪವರ್ ಬ್ಯಾಂಕ್ ಕೊಳ್ಳಿ, ಯುಎಸ್‌ಬಿ-ಸಿ ಮೂಲಕ ತುಂಬುವ ಲ್ಯಾಪ್‌ಟಾಪನ್ನೇ ಆರಿಸಿ. ದುಂಡು ಪಿನ್ನಿನ ಹಳೆಯ ಚಾರ್ಜರಿನ ಲ್ಯಾಪ್‌ಟಾಪ್ ಪ್ರವಾಸಕ್ಕೆ ಬೇಡ. ಒಂದೇ ಚಾರ್ಜರಿನಿಂದ ಫೋನು, ಲ್ಯಾಪ್‌ಟಾಪ್, ಪವರ್ ಬ್ಯಾಂಕ್ ಮೂರೂ ತುಂಬುವಂತಾದರೆ ಚೀಲದ ಭಾರ ಇಳಿದದ್ದು ತಾನಾಗಿಯೇ ಗೊತ್ತಾಗುತ್ತದೆ.

ಜನರೇಟರ್ ಓಡಿಸುವ ಕಡೆ ಇನ್ನೊಂದು ಎಚ್ಚರಿಕೆ ಬೇಕು. ಇಂದಿನ ಚಾರ್ಜರುಗಳ ಮೇಲೆ 100-240 ವೋಲ್ಟ್ ಎಂದು ಬರೆದಿರುವುದರಿಂದ ವೋಲ್ಟೇಜ್ ತಗ್ಗಿದರೆ ಭಯವಿಲ್ಲ. ಹಠಾತ್ತನೆ ಏರಿದರೆ ಮತ್ತು ಸಿಡಿಲು ಬಡಿದರೆ ಭಯವಿದೆ. ಸಣ್ಣ ಸ್ಪೈಕ್ ಗಾರ್ಡ್ ಒಂದನ್ನು ಜೊತೆಗಿಟ್ಟುಕೊಳ್ಳಿ. ಗುಡುಗು ಶುರುವಾದರೆ ಅದನ್ನೂ ನಂಬದೆ ಪ್ಲಗ್ ಕಿತ್ತಿಡಿ.

ಐದನೆಯ ಹಂತ: ಮಳೆ ಮತ್ತು ತೇವ

ಮಳೆಯಲ್ಲಿ ಸಾಧನ ನೆನೆಯುವುದು ಒಂದು ಅಪಾಯ, ನೆನೆಯದೆಯೂ ತೇವ ಹೀರುವುದು ಇನ್ನೊಂದು. ಮೊದಲನೆಯದರಲ್ಲಿ ಕೆಲವು ಟ್ಯಾಬ್ಲೆಟ್‌ಗಳು ಸ್ಪಷ್ಟವಾಗಿ ಮೇಲು. ಗ್ಯಾಲಕ್ಸಿ ಟ್ಯಾಬ್ ಎಸ್9 ಸರಣಿಗೆ ಐಪಿ68 ಶ್ರೇಣಿಯಿದೆ, ಅಂದರೆ ಸಿಹಿನೀರಿನಲ್ಲಿ 1.5 ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯುವಂತೆ ಪರೀಕ್ಷಿಸಲಾಗಿದೆ. ಐಪ್ಯಾಡ್‌ಗಳಿಗೆ ಅಂಥ ಶ್ರೇಣಿಯಿಲ್ಲ, ಹಗುರ ಲ್ಯಾಪ್‌ಟಾಪ್‌ಗಳಲ್ಲೂ ಹೆಚ್ಚಿನವಕ್ಕೆ ಇಲ್ಲ. ತೋಟದಲ್ಲಿ ನಿಂತು ಫೋಟೊ, ಟಿಪ್ಪಣಿ ದಾಖಲಿಸುವವರಿಗೆ ಈ ಒಂದು ಗುಣವೇ ನಿರ್ಣಾಯಕವಾಗಬಹುದು. ಆದರೆ ಪರದೆಯ ಮೇಲೆ ನೀರಿನ ಹನಿ ಇದ್ದಾಗ ಬೆರಳಿನ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಮಳೆಯಲ್ಲಿ ಉಳಿಯುತ್ತದೆ ಎಂದರೆ ಮಳೆಯಲ್ಲಿ ಕೆಲಸ ಮಾಡುತ್ತದೆ ಎಂದರ್ಥವಲ್ಲ.

ಎರಡನೆಯ ಅಪಾಯ ನಿಧಾನದ್ದು. ಮಳೆಗಾಲದ ಕಕ್ಕಡ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕಗಳಿಗೆಲ್ಲ ಬೂಷ್ಟು ಹಿಡಿಯುವ ಮನೆಯಲ್ಲಿ ಲ್ಯಾಪ್‌ಟಾಪ್ ಮಾತ್ರ ಪಾರಾಗುವುದೆಂದು ನಂಬಲಾಗದು. ತಯಾರಕರು ಕೊಡುವ ತೇವಾಂಶದ ಮಿತಿ, ಮ್ಯಾಕ್‌ಬುಕ್ ಏರ್‌ಗೆ ಶೇ 90, ಐಪ್ಯಾಡ್‌ಗೆ ಶೇ 95, ಎರಡೂ ಹನಿಗಟ್ಟದ ಸ್ಥಿತಿಗೆ ಹೇಳಿದ್ದು. ಎಸಿ ಹಾಕಿದ ಕಾರಿನಿಂದ ತಣ್ಣಗಿನ ಯಂತ್ರವನ್ನು ಇಳಿಸಿ ತೇವದ ಕೋಣೆಯಲ್ಲಿ ಕೂಡಲೇ ತೆರೆದರೆ ಹನಿಗಟ್ಟುವುದೇ ಆಗುತ್ತದೆ. ಬಂದಿಳಿದ ಮೇಲೆ ಚೀಲದೊಳಗೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆಗೆಯಿರಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಮುಚ್ಚುವ ಪ್ಲಾಸ್ಟಿಕ್ ಚೀಲದಲ್ಲಿ ಯಂತ್ರದ ಜೊತೆಗಿಡಿ. ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನವೂ ಸ್ವಲ್ಪ ಹೊತ್ತು ಚಾಲೂ ಮಾಡುವುದು ಒಳ್ಳೆಯದು, ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ.

ಫ್ಯಾನ್ ಇರುವ ಲ್ಯಾಪ್‌ಟಾಪ್ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ ಎಂಬುದನ್ನೂ ಗಮನಿಸಿ. ಕೊಯ್ಲಿನ ದಿನಗಳಲ್ಲಿ ಕಣದ ಪಕ್ಕದ ಕೋಣೆಯಲ್ಲಿ ಕುಳಿತು ಲೆಕ್ಕ ಬರೆಯುವವರಿಗೆ ಆ ಗಾಳಿಯಲ್ಲಿ ಏನಿರುತ್ತದೆಂದು ನಾನು ಹೇಳಬೇಕಿಲ್ಲ. ಟ್ಯಾಬ್ಲೆಟ್‌ಗಳಿಗೂ ಮ್ಯಾಕ್‌ಬುಕ್ ಏರ್‌ಗೂ ಫ್ಯಾನ್ ಇಲ್ಲ.

ಆರನೆಯ ಹಂತ: ನೆಟ್‌ವರ್ಕ್ ಇಲ್ಲದ ಹೊತ್ತಿಗೆ

ಭಾಗಮಂಡಲ, ತಲಕಾವೇರಿಯ ಕಡೆ, ಮಾಕುಟ್ಟದ ಕಾಡಿನ ರಸ್ತೆಯಲ್ಲಿ, ನಾಗರಹೊಳೆಯ ಅಂಚಿನ ಊರುಗಳಲ್ಲಿ ಸಿಗ್ನಲ್ ಬಂದರೂ ಹೋದರೂ ಹೇಳಿ ಮಾಡುವುದಿಲ್ಲ. ಒಂದು ತಿರುವಿನಲ್ಲಿ ಒಂದು ಕಂಪನಿಯದು ಸಿಕ್ಕರೆ ಮುಂದಿನ ತಿರುವಿನಲ್ಲಿ ಇನ್ನೊಂದರದು. ಟ್ಯಾಬ್ಲೆಟ್‌ಗೆ ಇಲ್ಲಿ ನಿಜವಾದ ಅನುಕೂಲವೊಂದಿದೆ. ಸಿಮ್ ಹಾಕಬಹುದಾದ ಮಾದರಿ ಕೊಂಡು, ಫೋನಿನಲ್ಲಿರುವ ಕಂಪನಿಯದನ್ನು ಬಿಟ್ಟು ಬೇರೆ ಕಂಪನಿಯ ಸಿಮ್ ಅದರಲ್ಲಿ ಹಾಕಿ. ಎರಡರಲ್ಲಿ ಒಂದಾದರೂ ಎದ್ದೀತು, ಎದ್ದದ್ದರಿಂದ ಇನ್ನೊಂದಕ್ಕೆ ಹಾಟ್‌ಸ್ಪಾಟ್ ಕೊಡಬಹುದು. ಸಿಮ್ ಕಿಂಡಿಯಿರುವ ಲ್ಯಾಪ್‌ಟಾಪ್‌ಗಳು ವಿರಳ, ಇದ್ದರೂ ದುಬಾರಿ. ಐಪ್ಯಾಡ್ ಕೊಳ್ಳುವವರು ಇನ್ನೊಂದು ಸಂಗತಿ ತಿಳಿದಿರಬೇಕು: ವೈಫೈ ಮಾತ್ರ ಇರುವ ಮಾದರಿಯಲ್ಲಿ ಜಿಪಿಎಸ್ ಇರುವುದಿಲ್ಲ, ಸಿಮ್ ಮಾದರಿಯಲ್ಲಿ ಇರುತ್ತದೆ. ತೋಟದ ಗಡಿಯನ್ನೋ ಚಾರಣದ ದಾರಿಯನ್ನೋ ನಕ್ಷೆಯಲ್ಲಿ ನೋಡಬಯಸುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಯಾವುದೇ ಸಾಧನವಾಗಲಿ, ಹೊರಡುವ ಹಿಂದಿನ ರಾತ್ರಿ ವಿಮಾನದ ಚಿಹ್ನೆಯನ್ನು ಒತ್ತಿ ಎಲ್ಲ ಸಂಪರ್ಕ ಕಡಿದು, ಬೇಕಾದ ಕಡತಗಳೆಲ್ಲ ತೆರೆಯುತ್ತವೆಯೇ ಎಂದು ಒಂದೊಂದಾಗಿ ನೋಡಿ. ಗೂಗಲ್ ಡಾಕ್ಸ್ ಕಡತಗಳನ್ನು ಟ್ಯಾಬ್ಲೆಟ್‌ನಲ್ಲಿ ಆಫ್‌ಲೈನ್ ಎಂದು ಗುರುತಿಸಬೇಕು, ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ಬ್ರೌಸರಿನಲ್ಲಿ ಆಫ್‌ಲೈನ್ ಆಯ್ಕೆ ತೆರೆದಿರಬೇಕು. ಗೂಗಲ್ ನಕ್ಷೆಯಲ್ಲಿ ಹೋಗುವ ದಾರಿಯ ಪ್ರದೇಶವನ್ನು ಇಳಿಸಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿದ್ದನ್ನು ಕಂಡವರಿಗೆ, ಮಳೆಗಾಲದಲ್ಲಿ ಒಂದು ದಿನದ ಪ್ರಯಾಣ ಎಷ್ಟು ದಿನದ್ದಾದೀತೆಂದು ಹೊರಡುವಾಗ ಹೇಳಲಾಗದು ಎಂಬುದು ಗೊತ್ತಿದೆ.

ಬಸ್ಸು, ರೈಲು, ವಿಮಾನ

ಘಾಟಿಯ ತಿರುವಿನಲ್ಲಿ ಎರಡೂ ನಿಷ್ಪ್ರಯೋಜಕ, ಓದಲು ಕುಳಿತರೆ ತಲೆ ಸುತ್ತುತ್ತದೆ. ಕುಶಾಲನಗರ ದಾಟಿದ ಮೇಲೆ ಬಸ್ಸಿನಲ್ಲಿ ಟ್ಯಾಬ್ಲೆಟ್ ಹಿಡಿದು ಓದಬಹುದು. ಲ್ಯಾಪ್‌ಟಾಪ್ ತೆರೆಯಲು ಮುಂದಿನ ಆಸನದವರ ಕೃಪೆ ಬೇಕು, ಅವರು ಆಸನ ಹಿಂದಕ್ಕೆ ಬಾಗಿಸಿದರೆ ಪರದೆ ಮಡಚಿದಂತೆಯೇ. ಮೈಸೂರಿನಲ್ಲಿ ವಂದೇ ಭಾರತ್ ಹತ್ತಿ ಬೆಂಗಳೂರಿಗೋ ಚೆನ್ನೈಗೋ ಹೋಗುವವರಿಗೆ ಮಡಚುವ ಮೇಜೂ ಪ್ಲಗ್ಗೂ ಇರುವುದರಿಂದ ಲ್ಯಾಪ್‌ಟಾಪ್ ಕೆಲಸ ನಿರಾಯಾಸ. ವಿಮಾನದ ತಪಾಸಣೆಯಲ್ಲಿ ಸಾಮಾನ್ಯವಾಗಿ ಎರಡನ್ನೂ ಚೀಲದಿಂದ ತೆಗೆದು ತಟ್ಟೆಯಲ್ಲಿಡಬೇಕು. ದೇಶದೊಳಗಿನ ಹಾರಾಟದಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ ಇದೆ. ಪವರ್ ಬ್ಯಾಂಕ್ ಅನ್ನು ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು; 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಡ, ಅಲ್ಲಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಮೇಲೆ ಲೆಕ್ಕ ಹಾಕಿದ 74 ವ್ಯಾಟ್-ಅವರ್‌ನದು ಧಾರಾಳವಾಗಿ ಒಳಗಿದೆ, ಆದರೆ ಅದರ ಮೇಲಿನ ಬರಹ ಉಜ್ಜಿ ಅಳಿಸಿಹೋಗಿದ್ದರೆ ಸಿಬ್ಬಂದಿ ಒಪ್ಪದಿರಬಹುದು.

ಕೊನೆಯ ಹಂತ: ಅಂಗಡಿಯಲ್ಲಿ

ಇಷ್ಟರಲ್ಲಿ ನಿಮ್ಮ ಉತ್ತರ ನಿಮಗೆ ಸಿಕ್ಕಿರುತ್ತದೆ. ಇನ್ನೂ ತೂಗಾಡುತ್ತಿದ್ದರೆ ಹಣ ಖರ್ಚು ಮಾಡದೆ ಒಂದು ಪ್ರಯೋಗ ಮಾಡಿ: ಮುಂದಿನ ಎರಡು ದಿನದ ಪ್ರವಾಸಕ್ಕೆ ಲ್ಯಾಪ್‌ಟಾಪ್ ಬಿಟ್ಟು ಫೋನನ್ನು ಮಾತ್ರ ಒಯ್ಯಿರಿ. ಫೋನಿನಲ್ಲಿ ಮಾಡಲು ಬಂದರೂ ಪರದೆ ಚಿಕ್ಕದಾಯಿತು ಎಂದು ಪೇಚಾಡಿದ ಕೆಲಸಗಳು ಟ್ಯಾಬ್ಲೆಟ್‌ನಲ್ಲಿ ನಡೆಯುತ್ತವೆ. ಮಾಡಲಿಕ್ಕೇ ಬಾರದೆ ಮನೆಗೆ ಫೋನ್ ಮಾಡಿ ಯಾರಿಂದಲೋ ಮಾಡಿಸಿದ ಕೆಲಸಗಳಿಗೆ ಲ್ಯಾಪ್‌ಟಾಪ್ ಬೇಕು.

ಲ್ಯಾಪ್‌ಟಾಪ್ ಕೊಳ್ಳುವವರು 16 ಜಿಬಿ ರ‍್ಯಾಮ್‌ಗಿಂತ ಕಡಿಮೆಯದನ್ನು ನೋಡಬೇಡಿ, ಏಕೆಂದರೆ ಹಗುರ ಯಂತ್ರಗಳಲ್ಲಿ ಅದು ಬಹುಮಟ್ಟಿಗೆ ಬೆಸುಗೆ ಹಾಕಿರುವಂಥದ್ದು, ಆಮೇಲೆ ಏರಿಸಲಾಗದು. ಹಳೆಯದನ್ನು ಕೊಳ್ಳುವುದಾದರೆ ವಿಂಡೋಸ್ 11 ನಡೆಯುತ್ತದೆಯೇ ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಚಿಪ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಹೊಂದುವುದಿಲ್ಲ. ಪರದೆಯ ಪ್ರಕಾಶ 300 ನಿಟ್ಸ್‌ಗಿಂತ ಕಡಿಮೆಯಿದ್ದರೆ ಜಗಲಿಯ ಬೆಳಕಿನಲ್ಲಿ ಕೂತು ಕೆಲಸ ಮಾಡುವುದು ಕಷ್ಟ. ಟ್ಯಾಬ್ಲೆಟ್‌ಗಳಲ್ಲಿ, ಕಡಿಮೆ ಬೆಲೆಯವನ್ನು ಬಿಟ್ಟರೆ, ಈ ಚಿಂತೆ ಅಷ್ಟಾಗಿ ಇರುವುದಿಲ್ಲ.

ಟ್ಯಾಬ್ಲೆಟ್ ಕೊಳ್ಳುವವರು ಎಷ್ಟು ವರ್ಷ ಭದ್ರತಾ ಪರಿಷ್ಕರಣೆ ಬರುತ್ತದೆ ಎಂದು ಮೊದಲು ಕೇಳಿ, ಬೆಲೆಯನ್ನು ಆಮೇಲೆ. ಕ್ಯಾಮೆರಾದಿಂದ ಚಿತ್ರ ಇಳಿಸುವವರು ಅಗ್ಗದ ಮಾದರಿಗಳ ಯುಎಸ್‌ಬಿ-ಸಿ ಕಿಂಡಿ ಒಳಗೆ ಹಳೆಯ ಯುಎಸ್‌ಬಿ 2 ವೇಗದ್ದೇ ಆಗಿರುವುದುಂಟು ಎಂದು ತಿಳಿದಿರಿ. ಸಾಮಾನ್ಯ ಐಪ್ಯಾಡ್ ಹಾಗಿದೆ, ಐಪ್ಯಾಡ್ ಏರ್ ಹಾಗಿಲ್ಲ. ಕಾರ್ಡ್ ತುಂಬ ಹಕ್ಕಿಗಳ ಚಿತ್ರವಿದ್ದರೆ ಈ ವ್ಯತ್ಯಾಸ ಚೆನ್ನಾಗಿಯೇ ತೋರುತ್ತದೆ.

ಎರಡಕ್ಕೂ ಅನ್ವಯಿಸುವ ಪ್ರಶ್ನೆಯೆಂದರೆ ದುರಸ್ತಿಯದು. ಮನೆಗೇ ಬಂದು ಸರಿಪಡಿಸುವ ವಾರಂಟಿ ನಿಮ್ಮ ಪಿನ್‌ಕೋಡ್‌ಗೆ ಇದೆಯೇ, ಅಥವಾ ಯಂತ್ರವನ್ನು ನೀವೇ ಮೈಸೂರಿಗೋ ಮಂಗಳೂರಿಗೋ ಹೊತ್ತೊಯ್ಯಬೇಕೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಲ್ಯಾಪ್‌ಟಾಪ್‌ನ ಕೀಲಿಮಣೆ, ಡಿಸ್ಕ್, ಬ್ಯಾಟರಿಗಳನ್ನು ಊರಿನ ಜಾಣ ಮೆಕ್ಯಾನಿಕ್ ಬದಲಿಸಿಕೊಟ್ಟಾನು. ಅಂಟಿನಿಂದ ಮುಚ್ಚಿದ ಟ್ಯಾಬ್ಲೆಟ್‌ನ ಗಾಜು ಒಡೆದರೆ ಆ ಅನುಕೂಲ ಬಹಳ ಕಡಿಮೆ.

ಹಣ ಕೊಡುವ ಮುನ್ನ ಪ್ರದರ್ಶನದ ಯಂತ್ರದಲ್ಲಿ ಕನ್ನಡ ಕೀಲಿಮಣೆ ತೆರೆಸಿ, ನೀವು ಕೊಳ್ಳಲಿರುವ ಹೊರಗಿನ ಕೀಲಿಮಣೆಯನ್ನೇ ಜೋಡಿಸಿ, ಸೂರ್ಯ, ಸ್ತ್ರೀ, ಕೃಷ್ಣ, ಜ್ಞಾನ, ರ‍್ಯಾಂಕ್ ಎಂಬ ಐದು ಪದಗಳನ್ನು ನೀವೇ ಟೈಪಿಸಿ. ಅರ್ಕಾವತ್ತೂ ಒತ್ತಕ್ಷರಗಳೂ ನಿಮ್ಮ ಕೈಗೆ ಒಗ್ಗಿದ ಕೀಲಿಗಳಲ್ಲೇ ಬಂದರೆ ಮುಂದುವರಿಯಿರಿ. ಕಡತದ ಪರೀಕ್ಷೆಗೆಂದು ಒಂದು ಹಳೆಯ ಕನ್ನಡ ಕಡತವನ್ನು ಪೆನ್‌ಡ್ರೈವಿನಲ್ಲೋ ಮಿಂಚಂಚೆಯಲ್ಲೋ ಇಟ್ಟುಕೊಂಡೇ ಹೋಗಿರಿ. ಮನೆಗೆ ತಂದ ಮೇಲೆ ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಬಿಲ್ಲನ್ನೂ ಪೆಟ್ಟಿಗೆಯನ್ನೂ ಎಸೆಯಬೇಡಿ, ಮತ್ತು ಆ ಅವಧಿಯೊಳಗೆ ಒಮ್ಮೆಯಾದರೂ ಅದನ್ನು ಚೀಲದಲ್ಲಿಟ್ಟುಕೊಂಡು ಕುಶಾಲನಗರದವರೆಗಾದರೂ ಬಸ್ಸಿನಲ್ಲಿ ಹೋಗಿ ಬನ್ನಿ.